ವಿಜಯಪುರ ತೋರಿಸುವ ಒಂದು ದಿನದ ಪ್ಯಾಕೇಜ್: ಗೈಡಿಗಿಂತ ಟಾಂಗಾವಾಲಾ ಮೇಲು

ಹುಟ್ಟಿ ಬೆಳೆದ ಊರನ್ನು ಬಂದವರಿಗೆ ತೋರಿಸುವ ಕೆಲಸ ಊರಿನವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ನಾನು ವಿಜಯಪುರದವನು. ಮನೆಯ ಮಾಳಿಗೆ ಏರಿದರೆ ಗೋಳಗುಮ್ಮಟ ಕಾಣಿಸುತ್ತದೆ. ಆದರೆ ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ಸಾಲಾಗಿ ನಿಲ್ಲಿಸಿ ಒಳಗೆ ಕರೆದೊಯ್ದ ಮೇಲೆ, ಮನೆಗೆ ನೆಂಟರು ಬಂದಾಗಲಲ್ಲದೆ ನಾನಾಗಿಯೇ ಅದರ ಮೆಟ್ಟಿಲು ಹತ್ತಿದ ನೆನಪಿಲ್ಲ. ನೆಂಟರು ಬಂದಾಗಲೂ ನಮ್ಮ ಕ್ರಮ ಒಂದೇ ಆಗಿರುತ್ತದೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆಸುವುದು, ಹೊತ್ತು ಉಳಿದರೆ ಎರಡನೆಯ ಇಬ್ರಾಹಿಂ ಆದಿಲಶಾಹನ ಗೋರಿಯಾದ ಇಬ್ರಾಹಿಂ ರೋಜಾ, ಆಮೇಲೆ ಮನೆಗೆ ಬಂದು ಊಟ. ಕಳೆದ ನವೆಂಬರಿನಲ್ಲಿ ಮಂಗಳೂರಿನಿಂದ ಗೆಳೆಯನೊಬ್ಬ ತನ್ನ ಹೆಂಡತಿ, ಹೈಸ್ಕೂಲು ಓದುವ ಮಗ ಮತ್ತು ಅರವತ್ತೆಂಟು ವರ್ಷದ ತಾಯಿಯೊಂದಿಗೆ ಬರುವುದು ಗೊತ್ತಾದಾಗ, ಈ ಸಲವಾದರೂ ಊರನ್ನು ಸರಿಯಾಗಿ ತೋರಿಸಬೇಕೆಂದು ಒಂದು ಪ್ರವಾಸಿ ಸಂಸ್ಥೆಯ ಪೂರ್ಣದಿನದ ಪ್ಯಾಕೇಜ್ ಕೊಂಡೆ. ನಾಲ್ವರು ಅತಿಥಿಗಳಿಗೆ 4,800 ರೂಪಾಯಿ. ಟಾಂಗಾ, ಗೈಡು, ಪ್ರವೇಶ ಟಿಕೆಟ್ ಮತ್ತು ಜೋಳದ ರೊಟ್ಟಿಯ ಊಟ ಎಲ್ಲವೂ ಅದರಲ್ಲೇ ಸೇರಿತ್ತು. ನಾನು ನನ್ನ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋಗುವುದೆಂದು ಮಾತಾಗಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಆಮೇಲೆ ವಿಚಾರಿಸಿದಾಗ ಇಂಥ ಪ್ಯಾಕೇಜುಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು ಎಂದು ತಿಳಿಯಿತು.

ಮೊದಲ ತಪ್ಪು ದಿನದ ಆಯ್ಕೆಯಲ್ಲೇ ಇತ್ತು. ಅವರು ಕೊಟ್ಟ ದಿನ ಶುಕ್ರವಾರ. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಜುಮ್ಮಾ ಮಸೀದಿಯಲ್ಲಿ ಅಂದು ಮಧ್ಯಾಹ್ನ ಸಾಮೂಹಿಕ ನಮಾಜು ಇರುವುದರಿಂದ ನೋಡಲು ಹೋಗುವವರು ಬೆಳಿಗ್ಗೆಯೇ ಮುಗಿಸಿಕೊಂಡು ಹೊರಬರಬೇಕು. ಅವರು ಕಳುಹಿಸಿದ ವೇಳಾಪಟ್ಟಿಯಲ್ಲಿ ಮಸೀದಿ ಒಂದು ಗಂಟೆಗೂ ಮ್ಯೂಸಿಯಂ ಎರಡೂವರೆಗೂ ಇದ್ದವು. ಊರು ತೋರಿಸುವ ವ್ಯವಹಾರ ಮಾಡುವವರಿಗೆ ಇಷ್ಟು ಗೊತ್ತಿರಬೇಕಾಗಿತ್ತು. ನಾನೂ ಊರಿನವನಾಗಿದ್ದು ಆ ಪಟ್ಟಿಯನ್ನು ಓದಿ ಸುಮ್ಮನೆ ತಲೆಯಾಡಿಸಿದ್ದನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ.

ಎರಡನೆಯದು ಸಮಯ. ಗೋಳಗುಮ್ಮಟವನ್ನು ನೋಡಬೇಕಾದದ್ದು, ಅದಕ್ಕಿಂತ ಹೆಚ್ಚಾಗಿ ಕೇಳಬೇಕಾದದ್ದು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ. ನವೆಂಬರಿನಿಂದ ಶಾಲಾ ಪ್ರವಾಸದ ಬಸ್ಸುಗಳು ಬರತೊಡಗುತ್ತವೆ, ಒಂಬತ್ತು ಗಂಟೆಯ ನಂತರ ಒಳಗೆ ನಿಂತರೆ ಕಿವಿಗೆ ಬೀಳುವುದು ಬರೀ ಕಿರುಚಾಟ. ಹಾಗಾಗಿ ಆರೂವರೆಗೆ ಬರಲೇಬೇಕೆಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಟಾಂಗಾ ಆರೂಕಾಲಿಗೇ ಮನೆಯ ಮುಂದೆ ನಿಂತಿತ್ತು, ಆದರೆ ಗೈಡ್ ಬಂದದ್ದು ಎಂಟೂವರೆಗೆ. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ ಆ ಎರಡು ಗಂಟೆಗಳೇ ಆ ದಿನದ ಅತ್ಯುತ್ತಮ ಭಾಗವಾದವು.

ಟಾಂಗಾ ಹೊಡೆಯುವವರು ಅರವತ್ತರ ಆಸುಪಾಸಿನ ಮನುಷ್ಯ. ಗೈಡಿನ ಸುಳಿವಿಲ್ಲದ್ದನ್ನು ನೋಡಿ ಅವರು ನಮ್ಮನ್ನು ಗೋಳಗುಮ್ಮಟಕ್ಕೆ ಮುಟ್ಟಿಸಿ, ಬೇವಿನ ಮರದ ಕೆಳಗೆ ಕುದುರೆಗೆ ಹುಲ್ಲು ಹಾಕುತ್ತಲೇ, "ಒಳಗ ಹೋಗ್ರಿ. ಹೋದವ್ರು ಚಪ್ಪಾಳಿ ಹೊಡೀಬ್ಯಾಡ್ರಿ, ಮಾತಾಡಬ್ಯಾಡ್ರಿ. ಒಂದ ಹತ್ತ ಮಿನಿಟ ಸುಮ್ಮ ನಿಂದರ್ರಿ, ಆಮ್ಯಾಲ ಏರ್ರಿ," ಎಂದರು. ನಾಲ್ಕನೆಯ ಇಯತ್ತೆಯಿಂದ ಇಂದಿನವರೆಗೆ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಟಿಕೆಟನ್ನು ನಾವೇ ಕೊಂಡು ಒಳಗೆ ಹೋಗಿ ನಿಂತೆವು. ಒಂದೇ ಒಂದು ಕಂಬವಿಲ್ಲದ, ಸುಮಾರು 1,700 ಚದರ ಮೀಟರಿನ ಆ ನೆಲದ ಮೇಲೆ ಐವರು ಬಾಯಿ ಮುಚ್ಚಿಕೊಂಡು ನಿಂತಾಗ ಮೊದಲು ಕೇಳಿಸಿದ್ದು ಎಲ್ಲೋ ಒಂದು ಪಾರಿವಾಳದ ರೆಕ್ಕೆಯ ಸದ್ದು. ಅದು ಮೇಲಕ್ಕೆ ಹೋಗಿ, ತಿರುಗಿ, ಯಾವ ದಿಕ್ಕಿನಿಂದ ಬಂತೆಂದು ಹೇಳಲಾಗದ ಹಾಗೆ ನಮ್ಮ ಸುತ್ತ ಇಳಿಯಿತು. ಹುಡುಗ ಫೋನನ್ನು ಜೇಬಿಗೆ ಹಾಕಿದ.

ಮೇಲೆ ಏರುವ ದಾರಿ ಕಟ್ಟಡದ ಮೂಲೆಗಳಲ್ಲಿರುವ ಏಳು ಅಂತಸ್ತಿನ ಗೋಪುರಗಳ ಒಳಗಿದೆ. ಮೆಟ್ಟಿಲುಗಳು ನೂರಕ್ಕೂ ಹೆಚ್ಚು; ಎತ್ತರವಾಗಿವೆ, ಇಕ್ಕಟ್ಟಾಗಿವೆ, ಕೆಲವು ಕಡೆ ಎದುರಿನಿಂದ ಇಳಿದು ಬರುವವರಿಗೆ ಗೋಡೆಗೆ ಅಂಟಿ ನಿಂತು ದಾರಿ ಬಿಡಬೇಕು. ಲಿಫ್ಟ್ ಇಲ್ಲ. ಮೊಣಕಾಲು ನೋವಿರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಆದರೆ ಪ್ಯಾಕೇಜಿನ ಕಾಗದದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೆಳೆಯನ ತಾಯಿ ಎರಡನೆಯ ಅಂತಸ್ತಿನಿಂದಲೇ ಹಿಂದಿರುಗಿ, ಸಮಾಧಿಗಳಿರುವ ಕಟ್ಟೆಯ ಹತ್ತಿರ ಕುಳಿತರು. ನಾವು ನಾಲ್ವರು ಮೇಲೆ ಹೋಗಿ, ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿ ಗುಮ್ಮಟದ ಬುಡಕ್ಕೆ ಸುತ್ತುವ ಪಿಸುಮಾತಿನ ಮೊಗಸಾಲೆಯಲ್ಲಿ ಎದುರುಬದುರಾಗಿ ಕುಳಿತೆವು. ಹುಡುಗ ತನ್ನ ಬಸ್ ಟಿಕೆಟನ್ನು ಗೋಡೆಯ ಹತ್ತಿರ ಹಿಡಿದು ನಿಧಾನವಾಗಿ ಹರಿದ. ಆಚೆ ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ಕುಳಿತಿದ್ದ ನನಗೆ ಕಾಗದದ ಎಳೆ ಎಳೆಯೂ ಬಿಡಿಸಿಕೊಳ್ಳುವುದು ಕೇಳಿಸಿತು. ಅಷ್ಟರಲ್ಲಿ ಕೆಳಗೆ ಕುಳಿತಿದ್ದ ತಾಯಿ, ಯಾರೂ ಕೇಳುತ್ತಿಲ್ಲವೆಂಬ ಧೈರ್ಯದಿಂದ ಇರಬೇಕು, ದೇವರನಾಮವೊಂದನ್ನು ಬಾಯೊಳಗೇ ಗುನುಗತೊಡಗಿದರು. ಅವರಿಗೆ ಅದು ಗುನುಗು, ಮೇಲಿದ್ದ ನಮಗೆ ಇಡೀ ಗುಮ್ಮಟವೇ ಹಾಡಿದಂತೆ. ಕೆಳಗಿಳಿದ ಮೇಲೆ ಹೇಳಿದಾಗ ಅವರು ನಾಚಿಕೊಂಡು, "ಛೆ, ಮೊದಲೇ ಹೇಳಬಾರದಿತ್ತಾ" ಎಂದು ಮಗನನ್ನು ಗದರಿದರು.

ಗೈಡ್ ಬಂದ ಮೇಲೆ ಇನ್ನೊಮ್ಮೆ ಒಳಗೆ ಹೋದೆವು. ಅಷ್ಟರಲ್ಲಿ ಮೂರು ಬಸ್ಸು ಮಕ್ಕಳು ಇಳಿದಿದ್ದರು. ಈತ ನಡುವಯಸ್ಸಿನವರು, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸರಾಗವಾಗಿ ಮಾತನಾಡುತ್ತಿದ್ದರು, ಆದರೆ ಮೊದಲ ಒಂದು ಗಂಟೆ ಮಾತನಾಡಿದ್ದು ಕಂಠಪಾಠ. "ಇದು ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ" ಎಂಬುದರಿಂದಲೇ ಆರಂಭವಾಯಿತು. ನಾವೆಲ್ಲ ಶಾಲೆಯಲ್ಲಿ ಉರುಹೊಡೆದ ಸಾಲು ಅದು, ನನಗೂ ಅದರ ಮೇಲೆ ಮಮತೆಯಿದೆ. ಆದರೆ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದಕ್ಕಿಂತ ಒಂದೂವರೆ ಸಾವಿರ ವರ್ಷ ಹಿಂದೆ ಕಟ್ಟಿದ ರೋಮಿನ ಪ್ಯಾಂಥಿಯನ್ನಿನದು 43 ಮೀಟರಿಗಿಂತ ಹೆಚ್ಚು, ಅದೇ ಊರಿನ ಸೇಂಟ್ ಪೀಟರ್ಸ್ ಚರ್ಚಿನದು 41ಕ್ಕೂ ಮಿಗಿಲು. ಈ ಸುಳ್ಳು ಹೆಮ್ಮೆ ನಮ್ಮ ಗುಮ್ಮಟಕ್ಕೆ ಬೇಕೂ ಇಲ್ಲ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೇರಿ, ಚೌಕಾಕಾರದ ಕೋಣೆಯನ್ನು ಗುಂಡಗಿನ ಗುಮ್ಮಟಕ್ಕೆ ಜೋಡಿಸುವ ಆ ಮೂಲೆಗಳ ಕೆಲಸ ಸಾಲದೆ? ಗುಮ್ಮಟ ಹೊರಕ್ಕೆ ತಳ್ಳುವ ಭಾರವನ್ನು ಒಳಕ್ಕೆ ವಾಲಿರುವ ಆ ಕಲ್ಲುಗಾರೆಯ ತೂಕ ಹಿಡಿದು ನಿಲ್ಲಿಸಿದೆ. ಗೈಡ್ ಅದರ ಕಡೆ ಬೆರಳನ್ನೂ ತೋರಿಸಲಿಲ್ಲ. ಬದಲಿಗೆ ಇದನ್ನು ಕಟ್ಟಿಸಿದ ಬಾದಶಹ ಮುಹಮ್ಮದ್ ಆದಿಲಶಾಹನ ಸಮಾಧಿಯ ಪಕ್ಕದಲ್ಲಿರುವ, ಅವನ ಆಸ್ಥಾನದ ನರ್ತಕಿಯೆಂದು ಹೇಳುವ ರಂಭೆಯ ಗೋರಿಯ ಹತ್ತಿರ ನಿಂತು, ಬಾದಶಹ ಅವಳ ಪ್ರೀತಿಯನ್ನು ಪರೀಕ್ಷಿಸಲು ಮೇಲಿನಿಂದ ಹಾರಲು ಹೇಳಿದ, ಅವಳು ಹಾರಿಯೇಬಿಟ್ಟಳು ಎಂಬ ಕಥೆಯನ್ನು ಕಾಲುಗಂಟೆ ಎಳೆದರು. 1656ರಲ್ಲಿ ಮುಹಮ್ಮದ್ ತೀರಿಕೊಂಡಾಗಲೇ ಕಟ್ಟಡದ ಅಲಂಕಾರ ಪೂರ್ತಿಯಾಗಿರಲಿಲ್ಲ, ಈಗಲೂ ಗೋಡೆಗಳು ಬರಿದಾಗಿಯೇ ಇವೆ ಎಂಬ ನಿಜ ಆ ಕಥೆಗಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ಮ್ಯೂಸಿಯಮ್ಮಿನ ಬಾಗಿಲಿಗೆ ಬೀಗ ಇತ್ತು. "ಅಯ್ಯೋ, ಇವತ್ತು ಶುಕ್ರವಾರ ಅಲ್ವಾ" ಎಂದರು ಗೈಡ್.

ಜುಮ್ಮಾ ಮಸೀದಿಯನ್ನು ಉಳಿಸಿಕೊಟ್ಟದ್ದೂ ಟಾಂಗಾವಾಲಾರೇ. ವೇಳಾಪಟ್ಟಿಯನ್ನು ಬದಿಗಿಟ್ಟು ಹತ್ತು ಗಂಟೆಯ ಒಳಗೆ ಅಲ್ಲಿಗೆ ಮುಟ್ಟಿಸಿದರು. ಈ ಟಾಂಗಾದ ಸವಾರಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮುಂದೆ ಕುಳಿತವರಿಗೆ ಊರು ಎದುರು ಬರುತ್ತದೆ. ಹಿಂದಿನ ಪಾಟಿಯ ಮೇಲೆ ಬೆನ್ನು ತಿರುಗಿಸಿ ಕುಳಿತವರಿಂದ ಊರು ದೂರ ಸರಿಯುತ್ತದೆ. ಗೆಳೆಯನೂ ಅವನ ಮಗನೂ ಹಿಂದೆ ಕುಳಿತಿದ್ದರು. ಸ್ಕೂಟರಿನಲ್ಲಿ ಅವರ ಹಿಂದೆಯೇ ಹೋಗುತ್ತಿದ್ದ ನನಗೆ ಇಬ್ಬರ ಮುಖವೂ ಕಾಣಿಸುತ್ತಿತ್ತು. ಅಂಗಡಿ, ಬಸ್ಸು, ಕಬ್ಬಿನ ಹಾಲಿನ ಗಾಡಿ, ಎಲ್ಲವೂ ನಾಲ್ಕು ಮಾರಿಗೆ ಚಿಕ್ಕದಾಗುತ್ತ ಹೋದರೂ ಗೋಳಗುಮ್ಮಟ ಮಾತ್ರ ಕುಗ್ಗಲೇ ಇಲ್ಲ ಎಂದು ಹುಡುಗ ಕೂಗಿ ಹೇಳಿದ. ಕಾರಿನಲ್ಲಿ ಸುತ್ತಿಸಿದ ಯಾವ ನೆಂಟರೂ ನನಗೆ ಈ ಮಾತು ಹೇಳಿರಲಿಲ್ಲ. ಕುದುರೆ ಗಟ್ಟಿಮುಟ್ಟಾಗಿತ್ತು, ಮೈಮೇಲೆ ಗಾಯವಿರಲಿಲ್ಲ, ಪ್ರತಿ ನಿಲುಗಡೆಯಲ್ಲೂ ನೀರು ಸಿಕ್ಕಿತು. ಬಿಸಿಲು ಏರಿದ ಮೇಲೆ ಎರಡೂವರೆ ಗಂಟೆ ಕುದುರೆಯನ್ನು ಬಿಚ್ಚಿಯೇ ಇಟ್ಟರು, ಆ ಹೊತ್ತಿನಲ್ಲಿ ಓಡಿಸುವುದಿಲ್ಲವೆಂದು ಮೊದಲೇ ಖಡಾಖಂಡಿತ ಹೇಳಿದ್ದರು. ಆದರೂ ಹೊಡೆಯುವವರು, ಗೈಡ್ ಮತ್ತು ನಾಲ್ವರು ಅತಿಥಿಗಳು ಸೇರಿದರೆ ಒಂದು ಕುದುರೆಗೆ ಭಾರ ಹೆಚ್ಚು ಎನಿಸಿ, ಗೈಡನ್ನು ನನ್ನ ಸ್ಕೂಟರಿಗೆ ವರ್ಗಾಯಿಸಿದೆ.

ಮಸೀದಿಯಲ್ಲಿ ಗೈಡ್ ಸ್ವಲ್ಪ ಸುಧಾರಿಸಿದರು. 1565ರ ತಾಳಿಕೋಟೆ ಕಾಳಗದ ನಂತರ ಒಂದನೆಯ ಅಲಿ ಆದಿಲಶಾಹ ಆರಂಭಿಸಿದ ಕಟ್ಟಡ ಇದು, ಇದೂ ಅಪೂರ್ಣವೇ. ಒಳಗಿನ ನೆಲದ ಮೇಲೆ ಒಬ್ಬೊಬ್ಬರು ನಿಂತು ಪ್ರಾರ್ಥಿಸುವಷ್ಟು ಅಳತೆಯ 2,250 ಚೌಕಟ್ಟುಗಳಿವೆ. ಅವನ್ನು ಗುರುತು ಮಾಡಿಸಿದ್ದು 1686ರಲ್ಲಿ ಊರನ್ನು ಗೆದ್ದ ಔರಂಗಜೇಬನೆಂದು ಹೇಳುತ್ತಾರೆ. ಗೆಳೆಯನ ತಾಯಿ ಒಂದು ಚೌಕಟ್ಟಿನ ಅಂಚಿನಲ್ಲಿ ನಿಂತು, "ಯಕ್ಷಗಾನಕ್ಕೆ ಚಾಪೆ ಹಾಕಿ ಜಾಗ ಹಿಡಿಯುವ ಕಷ್ಟ ಇಲ್ಲಿ ಇಲ್ಲ ನೋಡು" ಎಂದರು.

ಅಲ್ಲಿಂದ ಅರಕಿಲ್ಲೆಯ, ಅಂದರೆ ಅರಮನೆಗಳಿದ್ದ ಒಳಕೋಟೆಯ, ಕಡೆಗೆ ಹೋದೆವು. ಗಗನ ಮಹಲಿನ ದೊಡ್ಡ ಕಮಾನಿನ ಮುಂದೆ ಫೋಟೊ ತೆಗೆದದ್ದಷ್ಟೇ ಬಂತು. ಕೊನೆಯ ದೊರೆ ಸಿಕಂದರ ಔರಂಗಜೇಬನಿಗೆ ಶರಣಾದ ಜಾಗ ಅದೆಂದು ಹೇಳುತ್ತಾರೆ ಎಂಬುದನ್ನು ನಾನೇ ಹೇಳಬೇಕಾಯಿತು. ಹತ್ತಿರದಲ್ಲೇ ಇರುವ ಕರೀಮುದ್ದೀನ್ ಮಸೀದಿ ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಆದಿಲಶಾಹಿಗಿಂತ ಒಂದೂವರೆ ಶತಮಾನಕ್ಕೂ ಹಿಂದೆ, 1320ರಲ್ಲಿ, ಹಳೆಯ ದೇಗುಲಗಳ ಕಂಬಗಳನ್ನು ನಿಲ್ಲಿಸಿ ಕಟ್ಟಿದ ಆ ಮಸೀದಿಯನ್ನು ನೋಡದಿದ್ದರೆ ಈ ಊರು ಬಾದಶಹರಿಂದಲೇ ಹುಟ್ಟಿತೆಂದು ಬಂದವರು ತಿಳಿದುಕೊಂಡು ಹೋಗುತ್ತಾರೆ. ಚಾಲುಕ್ಯರ, ಯಾದವರ ಕಾಲದ ವಿಜಯಪುರ ಆ ಕಂಬಗಳಲ್ಲಿದೆ. ನಾನು ಹಟ ಹಿಡಿದು ಕರೆದೊಯ್ದೆ. ಗೈಡ್ ಹೊರಗೆ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದರು.

ಊಟದ ವಿಷಯಕ್ಕೆ ಬಂದರೆ ಸಂಸ್ಥೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಜೋಳದ ರೊಟ್ಟಿಯ ಊಟವೆಂದು ಬರೆದವರು ನಮ್ಮನ್ನು ಕಳುಹಿಸಿದ್ದು ಹೆದ್ದಾರಿಯ ಪಕ್ಕದ, ಎಸಿ ಇರುವ ಒಂದು ಹೋಟೆಲಿಗೆ. ಮೇಜಿನ ಮೇಲೆ ಆಗಲೇ ಪನೀರು, ನಾನ್, ಗುಲಾಬ್ ಜಾಮೂನು ಸಿದ್ಧವಾಗಿದ್ದವು. ಕೇಳಿದರೆ, ಹೊರಗಿನವರಿಗೆ ಖಾರ ಆಗುವುದಿಲ್ಲವೆಂದು ಬದಲಾಯಿಸಿದೆವು ಎಂಬ ಉತ್ತರ ಬಂತು. ಮಂಗಳೂರಿನವರಿಗೆ ಖಾರ ಆಗುವುದಿಲ್ಲವೆಂದು ಇವರಿಗೆ ಹೇಳಿದವರು ಯಾರೋ! ಅಲ್ಲಿಂದ ಎದ್ದು, ಟಾಂಗಾವಾಲಾ ತಾವು ದಿನಾ ಉಣ್ಣುವ ಖಾನಾವಳಿಗೆ ಕರೆದೊಯ್ದರು. ಎಂಟು ಬೆಂಚುಗಳ ಜಾಗ ಅದು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ತಪ್ಪದೆ ಬರುತ್ತಿತ್ತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಹೆಚ್ಚದೆ ಹಾಗೇ ಇಟ್ಟ ಮೆಂತ್ಯದ ಸೊಪ್ಪು, ಕೈಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ತಾಯಿಯವರು ಎರಡನೆಯ ರೊಟ್ಟಿಯವರೆಗೆ ಕಾದು, ಮೆಲ್ಲಗೆ, "ಅನ್ನ ಇಲ್ಲವಾ?" ಎಂದರು. ಬಡಿಸುವಾಕೆ ಮೂರನೆಯ ರೊಟ್ಟಿಯನ್ನು ತಟ್ಟೆಗೆ ಹಾಕುತ್ತ, "ಐತ್ರೀ ಅಮ್ಮಾರ, ಕಡೀಕ ಬರ್ತೈತಿ" ಎಂದು ಹೋದರು. ಅನ್ನ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಮಧ್ಯಾಹ್ನದ ನಂತರ ಉಪ್ಪಲಿ ಬುರುಜು ಮತ್ತು ಮಲಿಕ್-ಎ-ಮೈದಾನ್ ತೋಪು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, ಸುಮಾರು 24 ಮೀಟರ್ ಎತ್ತರದ ಬುರುಜನ್ನು ಹೊರಗಿನಿಂದ ಸುತ್ತುವ ಮೆಟ್ಟಿಲುಗಳಲ್ಲಿ ಹತ್ತಿದರೆ ಊರು ಪೂರ್ತಿ ಕಾಣುತ್ತದೆ, ಆದರೆ ಆ ಬಿಸಿಲಿನಲ್ಲಿ ಹುಡುಗನ ಹೊರತು ಯಾರೂ ಹತ್ತಲಿಲ್ಲ. ತೋಪಿನ ಬಳಿ ಹೊತ್ತು ಹೋದದ್ದೇ ತಿಳಿಯಲಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ್ದೆಂದು ಹೇಳುವ ಈ ಕಂಚಿನ ತೋಪಿನ ಬಾಯಿ, ಹಲ್ಲು ಕಿರಿದ ಸಿಂಹದ ಮುಖ. ದವಡೆಗಳ ನಡುವೆ ಜಜ್ಜಿಹೋಗುತ್ತಿರುವ ಪುಟ್ಟ ಆನೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ನೂರೈವತ್ತು ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಗೈಡ್ ಈ ಹರಾಜಿನ ಕಥೆಯನ್ನು ನಗಿಸುವಂತೆ ಹೇಳಿದರು, ಅದನ್ನು ಮೆಚ್ಚಲೇಬೇಕು. ತಾಜ ಬಾವಡಿಯನ್ನು ಮೇಲಿನಿಂದಲೇ ನೋಡಿದೆವು. ನನ್ನ ಚಿಕ್ಕಂದಿನಲ್ಲಿ ಕಸ ತುಂಬಿಕೊಂಡಿದ್ದ ಬಾವಿಯಲ್ಲಿ ಈಗ ನೀರು ಕಾಣುತ್ತದೆ.

ಸಂಜೆ ನಾಲ್ಕೂವರೆಗೆ ಇಬ್ರಾಹಿಂ ರೋಜಾ ಮುಟ್ಟಿದೆವು. ಬೆಳಗಿನಿಂದ ನಾನು ಮನಸ್ಸಿನಲ್ಲೇ ಗೈಡಿಗೆ ಕೊಡುತ್ತ ಬಂದಿದ್ದ ಅಂಕಗಳೆಲ್ಲ ಏರುಪೇರಾದದ್ದು ಇಲ್ಲಿ. ಮೊದಲಿಗೆ "ತಾಜಮಹಲಿಗೆ ಇದೇ ಮಾದರಿ" ಎಂಬ ಮಾಮೂಲು ಮಾತು ಬಂತು. ನಾನು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ತಾಯಿಯವರು ಎರಡನೆಯ ಇಬ್ರಾಹಿಮನ ಗೋರಿ ಇರುವ ಒಳಕೋಣೆಯಲ್ಲಿ ತಲೆ ಎತ್ತಿ ನೋಡಿ, "ಈ ಮಾಡು ಯಾವುದರ ಮೇಲೆ ನಿಂತಿದೆ ಮಾರಾಯ?" ಎಂದು ಕೇಳಿದರು. ಆ ಕೋಣೆಯ ಛಾವಣಿ ಗುಮ್ಮಟವಲ್ಲ. ಅದು ನಡುವೆ ತೊಲೆಯಾಗಲಿ ಕಂಬವಾಗಲಿ ಇಲ್ಲದ, ಸಮತಟ್ಟಾದ ಕಲ್ಲುಹಾಸು. ನೋಡಿದರೆ ಗಾಳಿಯಲ್ಲಿ ತೇಲುತ್ತಿದೆ ಅನಿಸುತ್ತದೆ. ಬೆಳಗಿನಿಂದ ಒಂದೇ ರಾಗದಲ್ಲಿದ್ದ ಗೈಡಿನ ದನಿ ಈ ಪ್ರಶ್ನೆಗೆ ಬದಲಾಯಿತು. ಚೀಲದಿಂದ ನಾಲ್ಕು ಬೆಂಕಿಪೆಟ್ಟಿಗೆ ತೆಗೆದು ನೆಲದ ಮೇಲೆ ಕುಳಿತೇಬಿಟ್ಟರು. ಅಂಚಿನ ಕಲ್ಲುಗಳು ಒಳಕ್ಕೆ ಬಾಗುವುದು, ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂರುವುದು, ಗಾರೆ ಗಟ್ಟಿಯಾದ ಮೇಲೆ ಇಡೀ ಹಾಸು ಒಂದೇ ಚಪ್ಪಡಿಯಂತೆ ನಿಲ್ಲುವುದು, ಇವನ್ನು ಬೆಂಕಿಪೆಟ್ಟಿಗೆಗಳನ್ನು ಜೋಡಿಸಿ ಕೆಡವಿ ಜೋಡಿಸಿ ತೋರಿಸಿದರು. ಆಮೇಲೆ ಕಿಟಕಿಗಳ ಕಡೆಗೆ ತಿರುಗಿದರು. ಅಲ್ಲಿನ ಜಾಲಂಧ್ರಗಳೆಲ್ಲ ಅಕ್ಷರಗಳೇ. ಅಕ್ಷರಗಳ ನಡುವಿನ ಕಲ್ಲನ್ನು ಕೊರೆದು ತೆಗೆದಿರುವುದರಿಂದ ಬೆಳಕು ಬರಹದ ಸಂದಿಯಿಂದ ಒಳಗೆ ಬರುತ್ತದೆ. ಹುಡುಗನ ಬೆರಳು ಹಿಡಿದು ಒಂದು ಅಕ್ಷರ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಅವರು ಕಲ್ಲಿನ ಮೇಲೆ ಓಡಿಸಿದರು. ಈ ಕಟ್ಟಡದ ಶಾಸನದಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರೂ, ಕಟ್ಟಿಸಿದ ಮಲಿಕ್ ಸಂದಲನ ಹೆಸರೂ ಇರುವುದನ್ನು, ರಾಣಿಗಾಗಿ ಶುರುವಾದ ಗೋರಿಯಲ್ಲಿ 1627ರಲ್ಲಿ ರಾಜನೇ ಮೊದಲು ಮಲಗಿದನೆಂಬುದನ್ನು ಹೇಳಿದ್ದು ಅವರೇ. ಒಂದೂವರೆ ಗಂಟೆ ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ರಂಭೆಯ ಕಥೆ ಎಳೆದವರು ಇವರೇನಾ ಎಂದು ನನಗೆ ಅನುಮಾನವಾಯಿತು. ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿಯೂಬಿಟ್ಟೆ. "ಬಸ್ಸಿನವ್ರಿಗೆ ನಲವತ್ತ ಮಿನಿಟ್ರೀ ಸರ್. ಅವ್ರು ಕತಿ ಕೇಳ್ತಾರ, ಕಲ್ಲು ಕೇಳೂದಿಲ್ಲ," ಎಂದರು. ಅಂದರೆ ಈ ಮನುಷ್ಯನ ನಿಜವಾದ ವಿದ್ಯೆ ಪ್ಯಾಕೇಜಿನ ಒಳಗೆ ಸಿಗುವುದಿಲ್ಲ, ಕೇಳಿ ಪಡೆಯಬೇಕು. ಇದು ಅವರ ದೋಷವೋ, ಕರೆತರುವವರ ದೋಷವೋ ಎಂಬುದರಲ್ಲಿ ನನಗೆ ಹೆಚ್ಚು ಸಂಶಯವಿಲ್ಲ. ಆದರೆ ಎರಡು ಗಂಟೆ ತಡವಾಗಿ ಬಂದದ್ದು ಅವರದೇ.

ಲೆಕ್ಕದ ವಿಷಯ. ಬೆಳಿಗ್ಗೆ ನಾವೇ ಕೊಂಡ ಟಿಕೆಟಿನ ಹಣವನ್ನೂ, ಬಿಟ್ಟು ಎದ್ದ ಊಟದ ಹಣವನ್ನೂ ಮರಳಿ ಕೇಳಿದಾಗ, ಮುಂದಿನ ಬುಕಿಂಗಿನಲ್ಲಿ ರಿಯಾಯಿತಿ ಕೊಡುತ್ತೇವೆ ಎಂದರು. ಅದರ ಮೇಲೆ ಪಾರ್ಕಿಂಗಿಗೆಂದು ಇನ್ನೂರು ರೂಪಾಯಿ ಕೇಳಿದರು. ನಿಲ್ಲಿಸಿದ್ದು ಟಾಂಗಾ, ನಿಲ್ಲಿಸಿದ್ದು ಬೇವಿನ ಮರದ ಕೆಳಗೆ. ನಾನು ಕೊಡಲಿಲ್ಲ.

ಹಾಗಾಗಿ ಈ ಪ್ಯಾಕೇಜನ್ನು ಇದ್ದ ಹಾಗೆ ಯಾರಿಗೂ ಶಿಫಾರಸು ಮಾಡಲಾರೆ. ಅದರ ಬಿಡಿಭಾಗಗಳನ್ನು ಮಾತ್ರ ಬೇರೆಬೇರೆಯಾಗಿ, ನೇರವಾಗಿ ಗೊತ್ತುಮಾಡಿಕೊಂಡರೆ ಹಣಕ್ಕೆ ಮೋಸವಿಲ್ಲ. ಶುಕ್ರವಾರ ಬಿಟ್ಟು ಬೇರೆ ದಿನ ಬನ್ನಿ. ಬೆಳಿಗ್ಗೆ ಟಾಂಗಾ ಸಾಕು, ಗೋಳಗುಮ್ಮಟಕ್ಕೆ ಗೈಡ್ ಬೇಡ. ಸಂಜೆ ಇಬ್ರಾಹಿಂ ರೋಜಾಕ್ಕೆ ಗೈಡ್ ಬೇಕು, ಎರಡು ಗಂಟೆಗೆ ಕಡಿಮೆಯಿಲ್ಲದೆ ಬೇಕು, ಛಾವಣಿಯ ಬಗ್ಗೆ ಕೇಳಲು ಮರೆಯಬೇಡಿ. ಜನವರಿಯಲ್ಲಿ ಸಿದ್ಧೇಶ್ವರನ ಸಂಕ್ರಮಣ ಜಾತ್ರೆಗೆ ನನ್ನ ಹೆಂಡತಿಯ ತವರಿನವರು ಬರುವವರಿದ್ದಾರೆ. ಟಾಂಗಾವಾಲಾರಿಗೆ ಮೊನ್ನೆಯೇ ಹೇಳಿ, ಈ ಸಲ ಆರು ಗಂಟೆಗೆ ಬಂದರೆ ಚಳಿಯಲ್ಲಿ ಕುದುರೆಗೆ ಕಷ್ಟವಾಗುವುದಿಲ್ಲವೇ ಎಂದು ಕೇಳಿದೆ. "ಕುದುರಿ ಏಳ್ತೈತ್ರಿ," ಎಂದರು, "ನಿಮ್ಮ ಬೀಗರು ಏಳ್ತಾರೇನ ಕೇಳ್ರಿ."